ಎದುರುಭಾರ

ಏರಿಸೋ ಮುಂದ ಪೂಜಿ ಇತ್ತು. ನಿಂಬಿಹಣ್ಣು ಕಟ್ಟಿ,
ಧಾರವಾಡದಿಂದ ಪೇಢೆ ತರಿಸಿ ಹಂಚಿದ್ದರು.
ಇಳಿಸೋ ದಿನಕ್ಕ ಯಾರೂ ಬರಂಗಿಲ್ಲ.
ನಾವು ಆರು ಮಂದಿ, ಒಂದು ಥರ್ಮಾಸ್ ಚಾ,
ಮತ್ತ ಹುಬ್ಬಳ್ಳಿಯ ಆಷಾಢದ ಗಾಳಿ.

ಕೇಶ್ವಾಪುರದ ಈ ಹದಿನೆಂಟು ಮಜಲಿ
ಎತ್ತಿ ಎತ್ತಿ ಕೊಟ್ಟಾವ ನಾ.
ಸರಳು, ಸಿಮೆಂಟು, ಕಿಟಕಿ ಚೌಕಟ್ಟು.
ಒಮ್ಮೆ ಕಾಲು ಮುರಕೊಂಡ ಬಿಹಾರದ ಹುಡುಗನ್ನ
ಹದಿನಾಲ್ಕರಿಂದ ಬುಟ್ಟಿಯೊಳಗ ಇಳಿಸಿದ್ದೆ,
ತೊಟ್ಟಿಲಾ ತೂಗಿದಂಗ.

ಇಷ್ಟು ಎತ್ತಿದ್ದು ತನ್ನನ್ನ ತಾನು ಪೂರಾ ಇಳಿಸಿಕೊಳ್ಳಲಾರದು.
ಜ್ಯಾಕು ಒತ್ತತದ, ತಲಿ ಮ್ಯಾಲೇಳತದ,
ಹೊಟ್ಟಿಯೊಳಗಿನ ಒಂದು ತುಂಡು ಕಂಬ ಹೊರಗ ಸರಿಸಿ
ತನ್ನ ಕೊಕ್ಕಿಯಿಂದನ ತನ್ನ ಕಾಲು ನೆಲಕ್ಕಿಟ್ಟು
ಮತ್ತ ಕುಂಡರತದ,
ಮೂರು ಮೀಟರ್ ಗಿಡ್ಡ ಆಗಿ.
ಆ ಹೊತ್ತಿನಾಗ ತೋಳು ಒಂದು ಬೆರಳಿನಷ್ಟೂ ತಿರುಗಬಾರದು.
ನಾ ಉಸಿರು ಹಿಡಕೊಂಡು ಕುಂತಿರತೀನಿ,
ನನ್ನ ಉಸಿರಿಗೆ ಅದು ತಿರುಗತದನೋ ಅನ್ನೋ ಹಂಗ.

ಸೋಮವಾರ ವಿಮಾನ ಇಳಿಯೋ ಬಯಲು ಹೋತು.
ಮಂಗಳವಾರ ಉಣಕಲ್ಲ ಕೆರಿ.
ಬುಧವಾರ, ಗುರುವಾರ ಗಾಳಿ.
ಮೀಟರಿನ ಮುಳ್ಳು ಇಳೀಲಿಲ್ಲ, ಕೆಲಸ ಬಂದ್.
ಗಿರಮಿಟ್ ತಿಂದು ಕಟ್ಟಡದ ನೆರಳಿನಾಗ ಮಕ್ಕೊಂಡಿವಿ.
ಸಂಜಿಕ ಏರಿ ಬ್ರೇಕು ಬಿಟ್ಟು ಬಂದೆ, ದಿನಾ ಬಿಡೋ ಹಂಗ.
ರಾತ್ರಿ ಇದನ್ನ ಕಟ್ಟಬಾರದು,
ಗಾಳಿ ಎತ್ತ ಅಂದರ ಅತ್ತ ತಿರುಗಲಿ ಅಂತ ಬಿಡಬೇಕು.
ಕಟ್ಟಿದರ ಉರುಳತದ.

ಶುಕ್ರವಾರ ಕಡೀಗೆ ಉಳಿದದ್ದು ನೀಲಿ ಟ್ಯಾಂಕಿನ ಮಾಳಗಿ.

ಇಪ್ಪತ್ತೆರಡು ತಿಂಗಳ ಹಿಂದ ಅಲ್ಲಿ ಒಬ್ಬಾಕಿ
ವಾಕರ್ ಹಿಡಕೊಂಡು ನಿಂತಿದ್ದಳು, ಎಡಗೈ ಜೋತು ಬಿದ್ದಿತ್ತು.
ಮೊದಲನೇ ತಿಂಗಳು ನಾಕು ಹೆಜ್ಜಿ.
ನಾ ಎಣಿಸತಿದ್ದೆ.
ಆರನೇ ಮಜಲಿಯ ಸ್ಲ್ಯಾಬ್ ಬಿದ್ದಾಗ ಟ್ಯಾಂಕಿನ ತನಕ.
ಹನ್ನೊಂದಕ್ಕ ಬರೇ ಕೋಲು.
ಒಂದು ದಿನ ಕೋಲು ಗ್ವಾಡಿಗಾನಿಸಿ
ಒಗೆದ ಅರಿವಿ ತಾನ ಹರವಿದಳು.
ನಾ ಒಳಗ ಒಬ್ಬನ ಚಪ್ಪಾಳಿ ಹೊಡದೆ.
ವೈರ್‌ಲೆಸ್ಸಿನಾಗ ಯಮನೂರಪ್ಪ ಬೈದ:
ಏನಲೇ ಸದ್ದು, ಮಾಲು ನೋಡು.

ಶನಿವಾರ ದೊಡ್ಡ ಲಾರಿಕ್ರೇನು ಬಂತು, ಪುಣೆ ನಂಬರಿಂದು.
ಎದುರುಭಾರದ ಕಾಂಕ್ರೀಟು ಹಲಿಗಿ ಐದು.
ನಾಕು ಇಳಿಸಿದರು, ಒಂದು ಬಿಟ್ಟರು.
ತೋಳು ಕಳಚೋ ತನಕ ಅದು ಇರಬೇಕು.
‘ಭಾರ ಎಲ್ಲಾ ಒಮ್ಮೆಲೆ ಇಳಿಸಬ್ಯಾಡಲೇ, ಮುಗ್ಗರಸತಿ,’
ಅಂದ ದಾವಲಸಾಬ, ಪಿನ್ನಿಗೆ ಸುತ್ತಿಗಿ ಬಡಕೋತ.
ಬಡದಾ, ಬಡದಾ. ಹನ್ನೊಂದನೇ ಏಟಿಗೆ ಬಿತ್ತು.
ತೋಳು ಮುಗಿಲಿನಾಗ ಸುಮ್ಮನ ತೇಲಿತು ಒಂದು ಗಳಿಗಿ,
ನೋಡಲಾರದ ನಾ ಚಾ ಬಸಿಕೊಂಡೆ.
ಆಮ್ಯಾಲ ಐದನೇ ಹಲಿಗಿ ಬಂತು ನೆಲಕ್ಕ.
ಹಸಿ ಇದ್ದಾಗ ಯಾರೋ ಕಡ್ಡೀಲೆ ಗೀರಿದ್ದರು ಮೈಮ್ಯಾಲ:
ಹುಲಿಗೆವ್ವ.
ಇಷ್ಟು ದಿನ ನನ್ನ ಬೆನ್ನಿಗೆ ಕುಂತಾಕಿ ಅಕೀನ ಏನು.

ಬುಡದ ನಾಕು ಬೋಲ್ಟು ಮಾತ್ರ ಬರಲಿಲ್ಲ,
ಗ್ಯಾಸಿಲೆ ಕೊಯ್ದರು.
ಅದರ ಮ್ಯಾಲ ಪಾರ್ಕಿಂಗ್ ಬರತದಂತ.

ಆಯ್ತವಾರ ನೀಲಿ ಟ್ಯಾಂಕು ಹುಡುಕಲಿಕ್ಕೆ ಹೊಂಟೆ ನಡಕೋತ.
ಏನು ಹೇಳಬೇಕಂತಿದ್ದೆ ಗೊತ್ತಿಲ್ಲ.
ಕೆಳಗಿನಿಂದ ಟ್ಯಾಂಕು ಕಾಣಂಗಿಲ್ಲ.
ಎಲ್ಲಾ ಮನಿಗೂ ಬಾಗಲ, ಬಾಗಲಿಗೆ ಗ್ರಿಲ್ಲು, ಗ್ರಿಲ್ಲಿನೊಳಗ ನಾಯಿ.
ಮೂರು ಸಲ ಅದ ಓಣಿ ಸುತ್ತಿದೆ.
ಯಾರು ಬೇಕ್ರಿ, ಅಂದ ಒಬ್ಬಾವ. ಯಾರೂ ಅಲ್ಲ, ಅಂದೆ.

ಮೂಲಿಯೊಳಗ ಮೆಂತ್ಯದ ಗಾಡಿ.
ಹತ್ತು ರೂಪಾಯಿಗೆ ಎರಡು ಕೊಡಂತ ಜಗಳಾಡಕೋತ ನಿಂತಿದ್ದಳು ಒಬ್ಬಾಕಿ.
ಹೊಂಟಾಗ ಎಡಗಾಲು ಒಂಚೂರು ಎಳೀತಿತ್ತು.
ಅಕೀನೋ, ಬ್ಯಾರೆ ಯಾರೋ.
ನಾ ಮ್ಯಾಲಿಂದ ಕಂಡದ್ದು ಬರೇ ಬೈತಲಿ,
ಮುಖ ಎಂದೂ ನೋಡಿಲ್ಲ.

ಸರೀರಿ ಸ್ವಲ್ಪ, ಅಂದಳು.
ನಾ ಸರಿದೆ.