ತೆಳ್ಳನ ಪಾಕೀಟು

ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ
ಡಾಕ್ಟರ್ ಹೊಂಬಳ ಕೇಳಿದ್ರು:
"ಎಲುವು ಚಲೋ ಅದಾವ. ಹಿಂದಿನ ಕಿಸೆದಾಗ ಏನೈತಿ?"

ತಗದು ಮೇಜಿನ ಮ್ಯಾಲ ಇಟ್ಟೆ.
ಇಟ್ಟದ್ದು ನಿಂತಿತು, ಅಡ್ಡ ಬೀಳಲಿಲ್ಲ,
ಹಬ್ಬದ ಮರುದಿನದ ಬುತ್ತಿ ಡಬ್ಬಿಯಂಗ
ಮುಚ್ಚಳ ಕೂಡದ ಹೊಟ್ಟಿ.
"ಇಪ್ಪತ್ತು ವರ್ಷ ಇದರ ಮ್ಯಾಲ ಕುಂತೀರಿ.
ಒಂದು ಕುಂಡಿ ಗುಡ್ಡದಾಗ, ಒಂದು ಬಯಲಾಗ.
ನಡ ಯಾರ ಮಾತು ಕೇಳಬೇಕ್ರಿ?"
ಗುಳಿಗಿ ಕೊಡಲಿಲ್ಲ. ಚೀಟಿ ಮ್ಯಾಲ ಬರೆದ್ರು:
ತೆಳ್ಳನ ಪಾಕೀಟು, ಒಂದು.

ಹುಬ್ಬಳ್ಳಿಗೆ ಹಾಳಿ ತರಾಕ ಹೋದಾಗ
ದುರ್ಗದ ಬೈಲಿನಾಗ ನೋಡಿದೆ.
ಒಂದು ತಗಡಿಂದು, ಬಟನ್ ಒತ್ತಿದರ
ಕಾರ್ಡು ಮೆಟ್ಟಲಾ ಮೆಟ್ಟಲಾ ಏಳ್ತಾವ.
ಒಂದು ಬರೇ ರಬ್ಬರ್ ಪಟ್ಟಿ, ಬೆಲಿ ಮಾತ್ರ ಚರ್ಮದ್ದು.
"ಕಳ್ಳರ ಮಶಿನ್ನಿಗೂ ಸಿಗಂಗಿಲ್ರಿ ಅಂಕಲ್."
ನನ್ನ ಖಾತೆ ಕದಿಯಾಕ ಮಶಿನ್ ಯಾಕ ಬೇಕೋ ತಮ್ಮಾ,
ಚಿಲ್ಲರಕ್ಕ ಜಾಗಾ ಎಲ್ಲೈತಿ ಹೇಳು.
ಹುಡುಗ ನಕ್ಕ.
ಚಿಲ್ಲರ ಅನ್ನೋದು ಅವನಿಗೆ
ನಮ್ಮಜ್ಜ ಹೇಳ್ತಿದ್ದ ದುಡ್ಡು, ದಮ್ಮಡಿ.

ತಿರುಗಿ ಗದಗಿಗೆ ಬಂದೆ.
ಟಾಂಗಾಕೂಟದ ಹಿಂದ ರಾಜೇಸಾಬ,
ಕುದುರಿ ಇದ್ದಾಗ ಲಗಾಮು ಹೊಲೀತಿದ್ದವ,
ಈಗ ಮೊಬೈಲ್ ಚೀಲ ಹೊಲೀತಾನ.
ದಾರ ಹಲ್ಲಿನಾಗ ಹಿಡಕೊಂಡ ಅಂದ:
"ಚರ್ಮ ಹಿಗ್ಗಿದ್ದು ತಿರುಗಿ ಕುಗ್ಗಂಗಿಲ್ಲ.
ಏನ ಇಡ್ತಿ, ಅಷ್ಟ ತಗೊಂಡು ಬಾ, ಅಳತಿ ಹಿಡೀತೇನಿ.
ಇಡಲಾರದ್ದು ತರಬ್ಯಾಡ."

ರಾತ್ರಿ ಪೇಪರ್ ಹಾಸಿ ಸುರವಿದೆ.
ರೊಕ್ಕ ನಾಕು ನೋಟು. ಉಳಿದದ್ದೆಲ್ಲಾ
ಪ್ರೆಸ್ಸಿನಾಗ ನಾ ಮೊಳಿ ಜೋಡಿಸಿದ ವಿಜಿಟಿಂಗ್ ಕಾರ್ಡು,
ಒಂದೊಂದು ಕೆಲಸದ್ದು ಒಂದೊಂದು ಪ್ರತಿ,
ನಲವತ್ತೊಂದು.
ಎಸ್‌ಟಿಡಿ ಬೂತು. ಟೈಪಿಂಗ್ ಕ್ಲಾಸು.
ಮದುವಿ ಬ್ಯಾಂಡು, ಅದರ ಮ್ಯಾಲ ತುತ್ತೂರಿ ಬ್ಲಾಕು
ಬ್ಯಾರೆ ಸಿಗದ ನಾನ ಕೊರದದ್ದು.
ಬೆಟಗೇರಿ ಸೀರಿ ವ್ಯಾಪಾರಿದು ಮೂರು:
ಒಂದು ಬರೇ ತಂದು,
ಒಂದು ಮಗನ ಹೆಸರು ಕೂಡಿಸಿದ್ದು,
ಒಂದು ತಗಿಸಿದ್ದು.
"ಇಷ್ಟು ಮಂದಿ ನಿಮ್ಮ ಬೆನ್ನಿಗೆ ಬಿದ್ದಿದ್ರೇನು,"
ಅಂದ್ಲು ಈರವ್ವ, ಅವರಿ ಸುಲಕೋತ.

ಒಂದು ಕಾರ್ಡಿಗೆ ಕೈ ನಿಂತಿತು.
ಬೋರವೆಲ್ ಕೊಟಗಿ, ರೋಣ.
ಒಂಬತ್ತರ ಮೊಳಿ ತಲಿಕೆಳಗಾಗಿ ಆರಾಗಿ ಕುಂತಿತ್ತು,
ನನ್ನ ಕೈಲೆ.
ಐನೂರು ಕಾರ್ಡು ನನ್ನ ಪಗಾರದಾಗ ಮತ್ತ ಛಾಪಿಸಿ ಕೊಟ್ಟೆ;
ಅಷ್ಟೊತ್ತಿಗೆ ಒಂದು ಬೊಗಸಿ ಊರೂರು ತಿರುಗಿತ್ತು.
ಎರಡು ವರ್ಷ ಬಿಟ್ಟು, ಮನಸ್ಸು ತಡೀಲಾರದ,
ಬೂತಿಗೆ ಹೋಗಿ ಆ ತಪ್ಪು ನಂಬರಿಗೆ ಹಚ್ಚಿದೆ.
ಹೆಣ್ಣುಮಗಳ ದನಿ. ಹಿಂದ ಕುಕ್ಕರ್ ಸೀಟಿ.
ನಾ ಬಾಯಿ ತಗಿಯೂದರಾಗ:
"ಬೋರವೆಲ್ಲೇನ್ರಿ? ಕಡೀದು ಆರು ಬಿಟ್ಟು ಒಂಬತ್ತು ಹಚ್ರಿ."
ಇಟ್ಟುಬಿಟ್ಲು.
ತಪ್ಪಾತ್ರಿ ಅನ್ನೋ ಮಾತು ನನ್ನ ಬಾಯಾಗ ಉಳೀತು.
ಮೂರು ರೂಪಾಯಿ ಬಿಲ್ಲು.

ಮುಂಜಾನೆ ರಾಜೇಸಾಬನ ಮುಂದ ಇಟ್ಟೆ:
ಆಧಾರ, ಎಟಿಎಮ್, ಮಡಚಿದ ಐನೂರು,
ಅದರ ಮ್ಯಾಲ ಆ ಕಾರ್ಡು.
"ಬೋರ್ ಹೊಡಸಾಂವೇನು?"
ಇಲ್ಲ ಅಂದೆ.
ಅವ ಕೇಳಲಿಲ್ಲ, ಬೆರಳಿನಿಂದ ದಪ್ಪ ನೋಡಿದ,
ಕತ್ತರಿ ಹಚ್ಚಿದ.

ಉಳಿದ ನಲವತ್ತು,
ಗುಜರಿಗೆ ಹೋಗದ ಉಳಿದ ಮೊಳಿ ಪೆಟ್ಟಿಗಿಯೊಳಗ
ಅಕ್ಷರಕ್ಕ ತಕ್ಕಂಗ ಖಾನೆ ಹಿಡಿದು ಕುಂತಾವ.
ಟ ಖಾನೆದಾಗ ಟೈಪಿಂಗ್ ಕ್ಲಾಸು.
ಳ ಖಾಲಿ.

ನಡ ಇನ್ನೂ ನೋಯತೈತಿ, ಸುಳ್ಳು ಹೇಳೂದಿಲ್ಲ.
ಹೊಸಾ ಪಾಕೀಟು ಎದಿ ಕಿಸೆದಾಗ ಐತಿ,
ಐತೋ ಇಲ್ಲೋ ಅಂತ ತಾಸಿಗೊಮ್ಮೆ ಮುಟ್ಟತೇನಿ.
ಸ್ಟೂಲ್ ಮ್ಯಾಲ ಸರಳ ಕುಂತರ
ನೆಲಾನ ವಾರಿ ಆದಂಗ ಅನಸತೈತಿ.

ಮುಂಜಾನೆ ಚಹಾದಂವ
ಎರಡು ರೂಪಾಯಿ ನಾಣ್ಯ ತಿರುಗಿ ಕೊಟ್ಟ.
ಇಡಾಕ ಜಾಗಾ ಇಲ್ಲ.
ಮುಷ್ಟಿಯೊಳಗ ಹಿಡಕೊಂಡ
ಪ್ರೆಸ್ಸಿನ ತನಕ ನಡದೆ,
ಬಿಸಿ ಆಗಿತ್ತು.