ದಿಂಬದ ಏರಿನಲ್ಲಿ ಹೀಟರ್

ಬಣ್ಣಾರಿ ಗೇಟಿಗೆ ಬಂದಾಗ ಎಂಟೂಮುಕ್ಕಾಲು.
ಒಂಬತ್ತಕ್ಕೆ ಮುಚ್ಚುತ್ತಾರೆ. ಗಾರ್ಡು ಟಾರ್ಚು ಬೀಸಿ ಬಿಟ್ಟ.
ಹಿಂದಿನ ಸೀಟಿನಲ್ಲಿ ಚೆಂಡುಹೂ ಮಾರಿ ಬರಿದಾದ ಮಂಕರಿಗಳು,
ಅವುಗಳ ನಡುವೆ ಚಿಕ್ಕತಾಯಮ್ಮ, ನನ್ನ ಸೋದರತ್ತೆ,
ಎಲೆಅಡಿಕೆ ಸಂಚಿ ಬಿಚ್ಚಿಕೊಂಡು.

ಸತ್ಯಮಂಗಲದಲ್ಲಿ ದಿನವಿಡೀ ಕೂರಿಸಿಕೊಂಡಿದ್ದ ವೇಲುಚ್ಚಾಮಿ:
ರೇಡಿಯೇಟರಿಗೆ ಕಡ್ಡಿ ಹಾಕಿ ಸುಣ್ಣ ಕೆರೆದೆ,
ಹೋಸು ಹೊಸದು, ಬೆಲ್ಟು ಬಿಗಿ,
ಥರ್ಮೋಸ್ಟಾಟು ಕಿತ್ತೇ ಹಾಕಿದೆ, ನಮ್ಮ ಸೆಕೆಗೆ ಅದ್ಯಾಕೆ ಸಾರ್.
ಪಂಪು? ಪಂಪು ಚೆನ್ನಾಗಿ ತಿರುಗ್ತಾ ಇದೆ.
ಒಮ್ಮೆ ಕನ್ನಡದಲ್ಲಿ ಹೇಳಿದ, ಒಮ್ಮೆ ತಮಿಳಿನಲ್ಲಿ.
ಎರಡರಲ್ಲೂ ನಂಬಿದೆ.

ಆರನೆಯ ತಿರುವಿನಲ್ಲಿ ಮುಳ್ಳು ನೆಟ್ಟಗೆ ನಿಂತಿತು.
ಒಂಬತ್ತರಲ್ಲಿ ಬಲಕ್ಕೆ ವಾಲಿತು.
ಎಪ್ಪತ್ತನಾಲ್ಕರ ಅಂಬಾಸಿಡರ್, ಊಟಿಯ ಎಸ್ಟೇಟೊಂದರಿಂದ ಇಳಿದು ಬಂದದ್ದು;
ಚಳಿಗೆಂದು ಅವರು ಹಾಕಿಸಿದ ಹೀಟರು
ನನ್ನ ಕೈಯಲ್ಲಿ ಹನ್ನೊಂದು ವರ್ಷ ನಿದ್ದೆ ಹೊಡೆದಿತ್ತು.
‘ಉರಿ ಜಾಸ್ತಿಯಾದ್ರೆ ಕೆಂಡ ಈಚೆಗೆ ಎಳೀಬೇಕು ಕನಾ,’
ಅತ್ತೆ ಒಲೆಯ ಮಾತು ಹೇಳಿದಳು.
ಗುಬಟು ತಿರುಗಿಸಿದೆ, ಬೇಸಗೆಯ ರಾತ್ರಿ,
ಬೆವರಲು ಸಿದ್ಧನಾಗಿ.

ಬಂದದ್ದು ಕಾಡಿನ ಗಾಳಿ.
ಅವಳು ಮುಂದಕ್ಕೆ ಬಾಗಿ ಕಿಂಡಿಗೆ ಅಂಗೈ ಹಿಡಿದಳು.
‘ತಣ್ಣಗದೆ.’

ಮುಳ್ಳು ಕೆಂಪಿನಲ್ಲಿ, ಗಾಳಿ ತಣ್ಣಗೆ.
ಆಗ ಗೊತ್ತಾಯಿತು: ನೀರು ಇದೆ,
ಇದ್ದಲ್ಲೇ ಇದ್ದು ಕುದಿಯುತ್ತಿದೆ.

ಹದಿನಾಲ್ಕರಲ್ಲಿ ಆಫ್ ಮಾಡಿದೆ.
ಮುಚ್ಚಳ ಮುಟ್ಟಲಿಲ್ಲ. ಬಾನೆಟ್ಟೆತ್ತಿ ಅದರ ಪಾಡಿಗೆ ಬಿಟ್ಟೆ,
ಬಿಸಿ ತಾನಾಗಿ ಮೇಲೇಳುವಷ್ಟು, ತಂಪು ತಾನಾಗಿ ಇಳಿಯುವಷ್ಟು ಹೊತ್ತು.
ಟಿಕ್, ಟಿಕ್,
ಲೋಹ ತನ್ನ ಅಳತೆಗೆ ಮರಳುವ ಸದ್ದು.
ಕೆಳಗೆಲ್ಲೋ ಬಿದಿರು ಮುರಿಯಿತು. ಆನೆ ಅಂತ ನಾನು ಅನ್ನಲಿಲ್ಲ,
ಅವಳೂ ಅನ್ನಲಿಲ್ಲ.
ಎಲೆಗೆ ಸುಣ್ಣ ಸವರಿ ಕೊಟ್ಟಳು.

ಎರಡು ತಿರುವು ಏರುವುದು, ಅರ್ಧ ಗಂಟೆ ನಿಲ್ಲುವುದು.
ಹೀಗೆ ಇಪ್ಪತ್ತೇಳು ಮುಗಿಸಿ
ತಾಳವಾಡಿಯ ದೀಪ ಕಂಡಾಗ ಕೋಳಿ ಕೂಗುತ್ತಿತ್ತು.

ಬಿಸಿಲೇರಿದ ಮೇಲೆ ಪಂಪು ಬಿಚ್ಚಿದೆ.
ಪುಲ್ಲಿ ನುಣ್ಣಗೆ, ಬೇರಿಂಗು ಗಟ್ಟಿ, ದಂಡ ತಿರುಗಿಸಿದರೆ ತಿರುಗುತ್ತದೆ.
ತುದಿಯಲ್ಲಿ, ರೆಕ್ಕೆಗಳಿರಬೇಕಾದ ಕಡೆ,
ತುಕ್ಕು ತಿಂದು ಬಿಟ್ಟ ಒಂದು ಬಿಲ್ಲೆ,
ಹಪ್ಪಳದಷ್ಟು ತೆಳು.

ವೇಲುಚ್ಚಾಮಿಗೆ ಫೋನು ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ, ಈ ಸಲ ಕನ್ನಡದಲ್ಲಿ ಮಾತ್ರ,
‘ಹೊರಗಿಂದ ತಿರುಗ್ತಾ ಇತ್ತಲ್ಲಾ ಸಾರ್’ ಅಂದ.