ರಸಮಟ್ಟ

ನಾವಿರುವ ಬಡಾವಣೆಯ ಹೆಸರೇ ತಣ್ಣೀರುಹಳ್ಳ.
ಇಲ್ಲಿ ನೀರಿಗೆ ಹರಿಯುವುದನ್ನು
ಯಾರೂ ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೆ.

ಪಿ.ಎಫ್. ಸಾಲ ಎತ್ತಿ ಕಟ್ಟಿಸಿದ ಬಚ್ಚಲು.
ಬೂದು ಬಣ್ಣದ, ಕಾಲು ಜಾರದ ಟೈಲ್ಸು,
ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು
ಅಂಗಾಲು ಉಜ್ಜಿ ನೋಡಿ ನಾನೇ ಆರಿಸಿದ್ದು.
ಮೊದಲ ದಿನ ಎರಡು ಚೊಂಬು ಹುಯ್ದೆ.
ನೀರು ಜಾಲರಿಯ ಕಡೆ ತಿರುಗಿಯೂ ನೋಡಲಿಲ್ಲ.
ಹೊಸಿಲಿನತ್ತ ಬಂತು,
ಮನೆ ನೋಡಲು ಬಂದ ನೆಂಟರ ಹಾಗೆ
ನಿಂತಿತು, ಕೂತಿತು, ಹೋಗಲೇ ಇಲ್ಲ.

ಮಗಳು ಗೋಲಿ ತಂದು ಬಿಟ್ಟಳು.
ಅದೂ ಬಾಗಿಲಿಗೇ ಉರುಳಿತು.
"ಅಮ್ಮಾ, ನಮ್ಮ ಬಚ್ಚಲು ಆಚೆ ಹೊರಟಿದೆ."

ಸಣ್ಣಸ್ವಾಮಿಗೆ ಫೋನು ಹಚ್ಚಿದೆ.
ಸಿಮೆಂಟು ಇನ್ನೂ ಕೂರ್ಬೇಕು ಮೇಡಮ್ಮೋರೆ, ಅಂದ.
ದುದ್ದದಾಗೆ ಮೋಲ್ಡು ಹಾಕ್ತಾವ್ನಿ, ಅಂದ.
ಆಮೇಲೆ ಪಿತೃಪಕ್ಷ.
ಆಮೇಲೆ ಅವನ ಹೆಂಡತಿ ಎತ್ತಿ
"ಫೋನು ಮನೇಲೇ ಬಿಟ್ಟು ಹೋಗವ್ರೆ."
ಒಮ್ಮೆ ಮಾತ್ರ, ಗುಟ್ಟು ಹೇಳುವವನಂತೆ ದನಿ ತಗ್ಗಿಸಿ:
"ಒಂದು ವೈಪರ್ ಇಟ್ಕೊಂಬುಡಿ."

ಏಳು ಸಾವಿರ ಹಿಡಿದಿಟ್ಟಿದ್ದೆ,
ನನ್ನ ಕೈಲಿದ್ದ ಲಗಾಮು ಅದೊಂದೇ.
ಬೆಳಗಿನ ನಾಲ್ಕೂವರೆಗೆ ಎದ್ದು ವೈಪರ್ ಎಳೆದು
ಖಾಕಿ ತೊಟ್ಟು ಡಿಪೋಗೆ ಹೋಗುತ್ತಿದ್ದೆ.
ಒಂದು ರೂಪಾಯಿ ಉಳಿಸಿಕೊಂಡರೆ
ಕಂಡಕ್ಟರಿನ ಮುತ್ತಜ್ಜಿಯನ್ನೂ ಎಳೆದು ತರುವ ಜನ
ಮೇಸ್ತ್ರಿಯ ಮುಂದೆ ಯಾಕೆ ಹೀಗೆ ಮೆತ್ತಗಾಗುತ್ತೇವೆ?

ಒಂದು ಗುರುವಾರ ನನ್ನ ಬಸ್ಸಿಗೇ ಬಂದ.
ಗೇಣುದ್ದ ಅಕ್ಷರದ ಬೋರ್ಡಿನ ಕೆಳಗೇ ನಿಂತು
"ದುದ್ದದ ಮೇಲೆ ಹೋಗ್ತದಾ?" ಎಂದು ಕೇಳಿ ಹತ್ತಿದ.
ನನ್ನ ಮುಖ ನೋಡಿದ. ಗುರುತು ಹಿಡಿಯಲಿಲ್ಲ.
ನಾಟಕ, ಅಂದುಕೊಂಡೆ.
ನೂರರ ನೋಟು ಕೊಟ್ಟ.
ಚೀಲದ ತುಂಬ ಚಿಲ್ಲರೆ ಇತ್ತು, ಕೊಡಲಿಲ್ಲ.
ಟಿಕೆಟ್ಟಿನ ಬೆನ್ನಿಗೆ ಪೆನ್ನು ಒತ್ತಿ ಬರೆದೆ:
ಬಾಕಿ, ಒಂದು ಇಳಿಜಾರು.

ಹತ್ತಿರ ತಂದ. ದೂರ ಹಿಡಿದ.
ಪಕ್ಕದ ಐಟಿಐ ಹುಡುಗನ ಕೈಗೆ ಕೊಟ್ಟ.
ಹುಡುಗ ಓದಿದ, ಜೋರಾಗಿ.
ಹಿಂದಿನ ಸೀಟಿನವರೆಗೂ ನಗು.
ಸಣ್ಣಸ್ವಾಮಿ ನಗಲಿಲ್ಲ,
ಚಿಲ್ಲರೆ ಕೇಳದೆ ಇಳಿದು ಹೋದ.

ಭಾನುವಾರ ಬಂದ,
ಉಳಿ, ಸುತ್ತಿಗೆ, ಅರ್ಧ ಮೂಟೆ ಸಿಮೆಂಟಿನೊಂದಿಗೆ.
"ನನ್ನ ಮಟ್ಟ ತಪ್ಪಾಕಿಲ್ಲ" ಎಂದು
ರಸಮಟ್ಟ ಇಟ್ಟು ಮಂಡಿಯೂರಿದ.
"ಗುಳ್ಳೆ ನೋಡಿ, ಹೊಸಿಲ ಕಡೆಗೈತೆ.
ಅಂದ್ರೆ ಹೊಸಿಲು ಎತ್ತರ, ಜಾಲರಿ ತಗ್ಗು."
ನೋಡಿದೆ.
ಗುಳ್ಳೆ ಜಾಲರಿಯ ಕಡೆಗಿತ್ತು,
ಹಸಿರು ನೀರಿನೊಳಗೆ, ಕಡಲೆಕಾಳಿನಷ್ಟು, ಸ್ಪಷ್ಟ.

"ಯಾವಾಗಿಂದ?"
"ಏನು?"
"ಕಣ್ಣು."

ಸುತ್ತಿಗೆಯ ಹಿಡಿಯನ್ನು ಸುಮ್ಮನೆ ಒರೆಸಿದ.
"ಯುಗಾದಿಯಿಂದ. ಮಂಜು ಕಟ್ಟಿದಂಗೆ.
ಯಾರಿಗೂ ಅನ್ಬ್ಯಾಡಿ, ಕೆಲ್ಸ ಕೊಡಾಕಿಲ್ಲ."

ಪಾಪ ಅನಿಸಿತು.
ಆದರೆ ಹೊಸಿಲು ಒದ್ದೆಯಾಗಿಯೇ ಇತ್ತು.
ಒಡೀರಿ, ಅಂದೆ.

ಹದಿನೇಳು ಟೈಲು ಎದ್ದವು, ಆರು ಚೂರಾದವು.
ಅವನು ಗಾರೆ ಎಳೆದ. ನಾನು ಕುಕ್ಕರುಗಾಲಲ್ಲಿ ಕೂತು
ಗುಳ್ಳೆಯನ್ನು ಓದಿ ಹೇಳಿದೆ:
ಇನ್ನೂ ಸ್ವಲ್ಪ, ಬರಲಿ, ಬರಲಿ,
ಹೋಲ್ಡಾನ್. ಈಗ ರೈಟ್.
ಅವನ ಬೆರಳಿಗೆ ಎಲ್ಲ ಗೊತ್ತಿತ್ತು,
ಒಂದು ಕಾಗದದ ದಪ್ಪದ ಏರೂ.
ಗೊತ್ತಾಗದೆ ಹೋದದ್ದು ಆ ಗುಳ್ಳೆಯೊಂದೇ.

ಹೊಸ ಆರು ಟೈಲು ಬೇರೆ ಲಾಟು,
ತುಸು ನೀಲಿ ಹೊಡೆಯುತ್ತವೆ, ಈಗಲೂ.
ಅದರ ದುಡ್ಡು ಮುರಿದುಕೊಂಡೆ.
ವಾದಿಸಿದ, ಬಿಡಲಿಲ್ಲ. ಉಳಿದದ್ದು ಎಣಿಸಿ ಕೊಟ್ಟೆ.
ನೋಟಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ ಲೆಕ್ಕ ಹಿಡಿದ.
ಮೂರು ದಿನ ನೀರು ತಾಗಿಸಬೇಡಿ, ಅಂದ.
ಮಿನುಗುವ ದೀಪದಡಿ ಸಾಲು ನಿಂತು
ಕಣ್ಣು ತೋರಿಸಿಕೊಳ್ಳಿ, ಅಂದೆ. ಹೂಂ ಅನ್ನಲಿಲ್ಲ.

ಗೇಟಿನ ಹತ್ತಿರ ನಿಂತು ಜೇಬು ತಡಕಿದ.
ನಾಲ್ಕು ಮಡಿಕೆ ಮಾಡಿದ ಆ ಟಿಕೆಟ್ಟು.
"ಮೇಡಮ್ಮೋರೆ, ಇದರದ್ದು?
ಎಪ್ಪತ್ತೆರಡು ಬರ್ಬೇಕು."

ಒಳಗೆ ಹೋಗಿ ಡಬ್ಬಿಗಳನ್ನೆಲ್ಲ ಬೋರಲು ಹಾಕಿದೆ.
ಎಪ್ಪತ್ತು ಸಿಕ್ಕಿತು.
ಕಂಡಕ್ಟರಿನ ಮನೆ,
ಎರಡು ರೂಪಾಯಿ ಚಿಲ್ಲರೆ ಇರಲಿಲ್ಲ.